ಹಿತ್ತಾಳೆಯ ಪಾತ್ರೆ ಮತ್ತು ಯಕೃತ್ತಿನೊಳಗಿನ ಗಂಟು

ಕನ್ನಡದಲ್ಲಿ ತವರು ಎಂದರೆ ಹೆಣ್ಣುಮಗಳು ಹುಟ್ಟಿ ಬೆಳೆದ ಮನೆ. ತವರ ಎಂದರೆ ಪಾತ್ರೆಯ ಒಳಮೈಗೆ ಬಳಿಯುವ ಬಿಳಿಯ ಲೋಹ. ಕಿವಿಗೆ ಒಂದೇ ಎಂಬಂತೆ ಕೇಳಿದರೂ ಅರ್ಥದಲ್ಲಿ ಈ ಎರಡು ಶಬ್ದಗಳಿಗೆ ಯಾವ ನಂಟೂ ಇಲ್ಲ. ಆದರೆ ಸಗರನಾಡಿನ ಮನೆಗಳಲ್ಲಿ ಇವೆರಡೂ ಒಂದು ಪಾತ್ರೆಯಲ್ಲಿ ಬಂದು ಕೂಡುತ್ತಿದ್ದವು. ಯಾದಗಿರಿ, ಶಹಾಪುರ, ಸುರಪುರಗಳ ಸುತ್ತಿನ ಹಳ್ಳಿಗಳಲ್ಲಿ ಮದುವೆಯ ಹೊತ್ತಿಗೋ, ಚೊಚ್ಚಲ ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಮರಳುವ ಹೊತ್ತಿಗೋ ತವರಿನವರು ಹಿತ್ತಾಳೆಯ ಕೊಡ, ತಪ್ಪೇಲಿ, ಚರಿಗೆ, ಬಟ್ಟಲುಗಳನ್ನು ಕೊಟ್ಟು ಕಳಿಸುವುದು ರೂಢಿಯಾಗಿತ್ತು. ಪಾತ್ರೆಯ ಕಂಠದ ಮೇಲೆ ತಂದೆಯ ಹೆಸರು, ಊರಿನ ಹೆಸರು ಚುಕ್ಕೆಚುಕ್ಕೆಯಾಗಿ ಕೊರೆದಿರುತ್ತಿತ್ತು. ಮಠದ ದಾಸೋಹಕ್ಕೆ ಭಕ್ತರು ಕೊಪ್ಪರಿಗೆ ಹಂಡೆಗಳನ್ನು ಅರ್ಪಿಸುವಾಗಲೂ ಇದೇ ಪದ್ಧತಿ. ಮಗಳಿಗೆ ಕೊಟ್ಟದ್ದರಲ್ಲಿ ಒಂದು ಪಾತ್ರೆ ಮಾತ್ರ ಅಡಿಗೆಮನೆಯಲ್ಲಿ ಬೇರೆಯಾಗಿ ಉಳಿಯುತ್ತಿತ್ತು. ಅದು ಹಾಲಿನದು. ಮೊಮ್ಮಗುವಿನ ಹಾಲು ಅಜ್ಜ ಕೊಟ್ಟ ಪಾತ್ರೆಯಲ್ಲಿ ಕಾಯಬೇಕೆಂಬುದರಲ್ಲಿ ಅಕ್ಕರೆಯಲ್ಲದೆ ಬೇರೇನೂ ಇರಲಿಲ್ಲ.

ಹಿತ್ತಾಳೆ ತಾಮ್ರ ಮತ್ತು ಸತುವುಗಳ ಬೆರಕೆ. ಹುಳಿ ತಗುಲಿದರೆ ತಾಮ್ರ ಕಿಲುಬೇರುತ್ತದೆಂಬುದನ್ನು ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದಕ್ಕೆಂದೇ ಕಲಾಯಿಗಾರನು ಸುಗ್ಗಿ ಮುಗಿದ ಮೇಲೆ ಊರಿಗೆ ಬಂದು, ಬೇವಿನ ಮರದ ನೆರಳಿನಲ್ಲಿ ಕುಳಿ ತೋಡಿ, ತಿದಿಯೂದಿ ಕೆಂಡವೆಬ್ಬಿಸಿ, ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯೆರಚಿ, ತವರದ ಕಡ್ಡಿಯನ್ನು ಒಳಗೆ ತೀಡಿ, ಅರಿವೆಯ ತುಣುಕಿನಿಂದ ಒಮ್ಮೆ ಸುತ್ತ ಒರೆಸಿಬಿಡುವನು. ಹಳದಿಯ ಒಳಮೈ ಕ್ಷಣಾರ್ಧದಲ್ಲಿ ಬೆಳ್ಳಿಯಾಗುವುದು. ಮಕ್ಕಳಿಗೆ ಅದಕ್ಕಿಂತ ದೊಡ್ಡ ಇಂದ್ರಜಾಲ ಬೇರೆ ಇರಲಿಲ್ಲ. ಕಲಾಯಿ ಎಂಬ ಮಾತು ಅರಬ್ಬೀ ಮೂಲದ್ದು. ಅದು ಕನ್ನಡದಲ್ಲಿ ಎಷ್ಟು ಬೇರುಬಿಟ್ಟಿತೆಂದರೆ ಅದನ್ನು ಪರಭಾಷೆಯದೆಂದು ಯಾರೂ ಎಣಿಸುವುದಿಲ್ಲ. ಆದರೆ ಕಲಾಯಿಗೆ ಹಣ ಬೇಕು. ಸಾರಿನ ಪಾತ್ರೆ, ಹುಳಿಯ ಪಾತ್ರೆಗಳಿಗೆ ಅದು ಮೊದಲು ಸಲ್ಲುತ್ತಿತ್ತು. ಹಾಲಿನ ಪಾತ್ರೆಗೇನು? ಹಾಲು ಹುಳಿಯಲ್ಲ, ಖಾರವಲ್ಲ, ಅದರಷ್ಟು ಸೌಮ್ಯವಾದ ವಸ್ತು ಇನ್ನೊಂದಿಲ್ಲ ಎಂಬ ನಂಬಿಕೆಯಿಂದ ಅನೇಕ ಮನೆಗಳಲ್ಲಿ ಅದು ಕಲಾಯಿ ಕಾಣದೆಯೇ ಒಲೆಯೇರುತ್ತಿತ್ತು. ಬೆಳಗ್ಗೆ ಕಾಸಿದ ಹಾಲು ಕುಳ್ಳಿನ ಬೆಂಕಿಯ ಮೇಲೆ ಮಧ್ಯಾಹ್ನದವರೆಗೆ ಬಿಸಿಯಾಗಿಯೇ ಇದ್ದು, ಅದೇ ಪಾತ್ರೆಯಲ್ಲಿ ಸಂಜೆಯನ್ನು ಕಾಣುತ್ತಿತ್ತು.

ಇನ್ನು ರೋಗದ ಮಾತು. ಭಾರತದ ಅನೇಕ ಪ್ರಾಂತಗಳಲ್ಲಿ, ವಿಶೇಷವಾಗಿ ದಕ್ಷಿಣದಲ್ಲಿ ಮತ್ತು ಮಹಾರಾಷ್ಟ್ರದಲ್ಲಿ, ಆರು ತಿಂಗಳಿಂದ ನಾಲ್ಕೈದು ವರ್ಷದೊಳಗಿನ ಕೂಸುಗಳನ್ನು ಹಿಡಿಯುತ್ತಿದ್ದ ಒಂದು ಯಕೃತ್ತಿನ ವ್ಯಾಧಿಯಿತ್ತು. ಕಲ್ಕತ್ತೆಯ ಸೇನ್ ಎಂಬ ವೈದ್ಯರು 1887ರಲ್ಲಿ ಇದನ್ನು ಮೊದಲು ಬಣ್ಣಿಸಿದರು. ಮುಂದೆ ಇದಕ್ಕೆ ಭಾರತೀಯ ಶಿಶುಗಳ ಸಿರೋಸಿಸ್ ಎಂಬರ್ಥದ ಹೆಸರು ರೂಢವಾಯಿತು. ಮೊದಲು ಮಗು ಕಾರಣವಿಲ್ಲದೆ ಕಿರಿಕಿರಿ ಮಾಡುವುದು. ಮೈ ಸಣ್ಣಗೆ ಬೆಚ್ಚಗಾಗುವುದು. ಹೊಟ್ಟೆ ಮುಂದಕ್ಕೆ ಬರುವುದು. ಮುಟ್ಟಿ ನೋಡಿದರೆ ಬಲಪಕ್ಕೆಯ ಕೆಳಗೆ ಯಕೃತ್ತು ಗಟ್ಟಿಯಾಗಿ, ಎಲೆಯ ಅಂಚಿನಂತೆ ಹರಿತವಾಗಿ ಕೈಗೆ ಸಿಕ್ಕುವುದು. ತರುವಾಯ ಕಣ್ಣು ಹಳದಿಗಟ್ಟಿ, ಹೊಟ್ಟೆಯಲ್ಲಿ ನೀರು ತುಂಬಿ, ಕೆಲವೇ ತಿಂಗಳುಗಳಲ್ಲಿ ಕೂಸು ತೀರಿಹೋಗುವುದು. ಗಂಡುಕೂಸುಗಳಲ್ಲಿ ಇದು ಹೆಚ್ಚು. ಒಂದೇ ಮನೆಯಲ್ಲಿ ಒಂದರ ಹಿಂದೊಂದು ಮಗು ಹೋಗುವುದೂ ಉಂಟು. ಮದರಾಸಿನ ಜಮ್ಮಿಯವರ ಲಿವರ್ ಕ್ಯೂರ್ ದಕ್ಷಿಣದಲ್ಲೆಲ್ಲ ಮನೆಮಾತಾದದ್ದು ಇಂಥ ತಾಯಂದಿರ ಆತಂಕದ ದೆಸೆಯಿಂದ.

ಈ ರೋಗ ಕಡು ಬಡವರ ಗುಡಿಸಲಿಗಿಂತ ಹೆಚ್ಚಾಗಿ ಹಿತ್ತಾಳೆಯ ಪಾತ್ರೆ ಕೊಳ್ಳಬಲ್ಲ, ಮಗುವಿಗೆಂದು ಹಾಲು ಕೊಳ್ಳಬಲ್ಲ, ಇಲ್ಲವೆ ಕೊಟ್ಟಿಗೆಯಲ್ಲಿಯೇ ಎಮ್ಮೆಯಿರುವ ನಡುವರ್ಗದ ಮನೆಯನ್ನು ಹುಡುಕಿಕೊಂಡು ಬರುತ್ತಿತ್ತು. ಬಡತನವನ್ನು ದೂರಲಾಗದ ಈ ಸಾವುಗಳಿಗೆ ಜನ ಬೇರೆ ಕಾರಣಗಳನ್ನು ಹುಡುಕಿದರು. ದೃಷ್ಟಿ, ಗ್ರಹಚಾರ, ಹಿರಿಯರ ಶಾಪ. ಕಡೆಗೆ ತಾಯಿಯ ಎದೆಹಾಲು. ಎರಡು ಕೂಸುಗಳನ್ನು ಕಳೆದುಕೊಂಡವಳ ಹಾಲು ಕೆಟ್ಟದ್ದೆಂದು ಅತ್ತೆಯೋ ನೆರೆಯವಳೋ ಒಮ್ಮೆ ಅಂದರೆ ಸಾಕು, ಮೂರನೆಯ ಕೂಸಿಗೆ ಮೊಲೆ ಬಿಡಿಸಿ ಹಿತ್ತಾಳೆಯ ಪಾತ್ರೆಯಲ್ಲಿ ಕಾಸಿದ ಹಾಲನ್ನು ಒಳಲೆಯಲ್ಲಿ ಕುಡಿಸುವ ಉಪಚಾರ ಇನ್ನೂ ಬೇಗ ಮೊದಲಾಗುವುದು. ಇದರ ಪರಿಣಾಮ ಏನಾಗಿರಬಹುದೆಂಬುದು ಮುಂದಿನ ಮಾತಿನಿಂದ ತಿಳಿಯುತ್ತದೆ.

ಯಕೃತ್ ಎಂಬುದು ಬಹು ಪ್ರಾಚೀನವಾದ ಶಬ್ದ. ಲ್ಯಾಟಿನ್ನಿನ ಯೇಕುರ್, ಗ್ರೀಕಿನ ಹೇಪರ್ ಎಂಬವು ಅದರ ಒಡಹುಟ್ಟುಗಳೆಂದು ಭಾಷಾಶಾಸ್ತ್ರಜ್ಞರು ಒಪ್ಪಿದ್ದಾರೆ. ಸುಶ್ರುತಸಂಹಿತೆ ಯಕೃತ್ತನ್ನೂ ಪ್ಲೀಹವನ್ನೂ ರಂಜಕಪಿತ್ತದ ನೆಲೆಯೆಂದು ಹೇಳಿ, ಉದರರೋಗಗಳಲ್ಲಿ ಯಕೃದ್ದಾಲ್ಯುದರವನ್ನು ಎಣಿಸಿದೆ. ಫ್ರಾನ್ಸಿನ ಲೇನೆಕ್ ಎಂಬ ವೈದ್ಯನು 1819ರಲ್ಲಿ ಸಿರೋಸಿಸ್ ಎಂಬ ಹೆಸರನ್ನು ಕಟ್ಟಿದ್ದು ಕಂದುಹಳದಿ ಬಣ್ಣವನ್ನು ಹೇಳುವ ಗ್ರೀಕ್ ಶಬ್ದದಿಂದ. ಆ ಬಣ್ಣ ಹಿತ್ತಾಳೆಯ ಬಣ್ಣಕ್ಕೆ ಬಹಳ ದೂರವಲ್ಲವೆಂಬುದು ಕಾಕತಾಳೀಯವಷ್ಟೆ.

ತೀರಿಹೋದ ಕೂಸಿನ ಯಕೃತ್ತಿನ ಎಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ ವೈದ್ಯರು ಬೆರಗಾದರು. ಜೀವಕೋಶಗಳು ಉಬ್ಬಿದ್ದವು. ಅವುಗಳೊಳಗೆ, ಇಯೋಸಿನ್ ಎಂಬ ಬಣ್ಣವನ್ನು ಹೀರಿ ಗುಲಾಬಿಯಾದ, ಹಗ್ಗದ ತುಂಡಿನಂತೆ, ಜಿಂಕೆಯ ಕವಲುಗೊಂಬಿನಂತೆ ಅಡ್ಡಾದಿಡ್ಡಿಯಾದ ಗಂಟುಗಳಿದ್ದವು. ಅವು ಹೊಸವಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಫ್ರಾಂಕ್ ಬರ್ ಮ್ಯಾಲರಿ ಎಂಬ ರೋಗವಿಜ್ಞಾನಿ 1911ರಲ್ಲಿ ಇವನ್ನೇ ಬಣ್ಣಿಸಿದ್ದನು. ಅವನು ಅವುಗಳನ್ನು ಕಂಡದ್ದು ಬಹುಕಾಲ ಮದ್ಯಪಾನ ಮಾಡಿದವರ ಯಕೃತ್ತಿನಲ್ಲಿ; ಆದುದರಿಂದ ಅವು ಮದ್ಯಪಾನದ ಮುದ್ರೆಯೆಂದೇ ದೀರ್ಘಕಾಲ ಎಣಿಕೆಯಾಗಿದ್ದವು. ಈಗ ಅದೇ ಮುದ್ರೆ, ಮದ್ಯದ ಒಂದು ಹನಿಯನ್ನೂ ಕಾಣದ, ಹಲ್ಲು ಕೂಡ ಪೂರ್ತಿ ಮೂಡದ ಹಸುಗೂಸಿನಲ್ಲಿ! ಕುಡಿತದ ಯಕೃತ್ತಿನಲ್ಲಿ ಕಾಣುವ ಕೊಬ್ಬು ಇಲ್ಲಿಲ್ಲ. ಆದರೆ ಗಂಟುಗಳು ಕುಡುಕನಲ್ಲಿರುವುದಕ್ಕಿಂತ ಕಡಮೆಯಿಲ್ಲ, ಎಷ್ಟೋ ವೇಳೆ ಹೆಚ್ಚು. ಒಂದೊಂದು ಕೋಶವನ್ನೂ ಸುತ್ತುವರಿದು ನಾರು ಬೆಳೆದಿತ್ತು.

ಈ ಗಂಟು ಯಾವುದರದು? ಶಾಲೆಯ ಪುಸ್ತಕಗಳು ಸಸಾರಜನಕವೆಂದು ಕರೆದ ಪ್ರೋಟೀನಿನದು. ಕುರಿಯ ಉಣ್ಣೆ, ದನದ ಕೊಂಬು, ಮನುಷ್ಯನ ಕೂದಲು ಉಗುರು ಇವೆಲ್ಲ ಕೆರಾಟಿನ್ ಎಂಬ ಪ್ರೋಟೀನು ಕುಲಕ್ಕೆ ಸೇರಿದವು. ಆ ಕುಲದ ಎರಡು ಜಾತಿ, ಕೆರಾಟಿನ್ 8 ಮತ್ತು ಕೆರಾಟಿನ್ 18, ಯಕೃತ್ತಿನ ಕೋಶದೊಳಗೆ ಎಳೆಯೆಳೆಯಾಗಿ ಹೆಣೆದುಕೊಂಡು, ಮಾಳಿಗೆ ಮನೆಯನ್ನು ತೊಲೆ ಜಂತಿಗಳು ಹೊತ್ತಿರುವಂತೆ ಕೋಶದ ಆಕಾರವನ್ನು ಹೊತ್ತಿರುತ್ತವೆ. ವಿಷದ ಪೆಟ್ಟು ಬಿದ್ದಾಗ ಕೋಶ ಈ ಎಳೆಗಳನ್ನು, ಅದರಲ್ಲಿಯೂ 8ನೆಯದನ್ನು, ಬೇಕಾದುದಕ್ಕಿಂತ ಹೆಚ್ಚು ತಯಾರಿಸುತ್ತದೆ. ಜೋಡಿ ಸಿಕ್ಕದ ಎಳೆಗಳು ಸರಿಯಾಗಿ ಮಡಿಸಿಕೊಳ್ಳದೆ ಸಿಕ್ಕುಗಟ್ಟುತ್ತವೆ. ಸಂತೆಗೆ ಹೊಡೆಯಬೇಕಾದ ಕುರಿಯ ಬೆನ್ನಿಗೆ ಕುರುಬನು ಬಣ್ಣದ ಗುರುತು ಹಾಕುವಂತೆ, ಹೊರಹಾಕಬೇಕಾದ ಪ್ರೋಟೀನಿಗೆ ಕೋಶವು ಯುಬಿಕ್ವಿಟಿನ್ ಎಂಬ ಗುರುತನ್ನು ಹಚ್ಚುತ್ತದೆ. ಗುರುತು ಬಿದ್ದದ್ದೆಲ್ಲ ಹೊರಬೀಳಬೇಕು. ಆದರೆ ಹೊರಹಾಕುವ ಯಂತ್ರವೇ ಸೋತಾಗ ಪಿ62 ಎಂಬ ಮತ್ತೊಂದು ಪ್ರೋಟೀನು ಅವನ್ನೆಲ್ಲ ಕಟ್ಟಿ ಒಂದು ಮೂಲೆಗೆ ಒತ್ತರಿಸುತ್ತದೆ. ಕಂಬಳಿ ನೇಯುವವನ ಮನೆಯಲ್ಲಿ ಕೆಟ್ಟ ಉಣ್ಣೆಯ ನೂಲು ಉಂಡೆಯಾಗಿ ಮೂಲೆ ಸೇರಿದಂತೆ. ಇದರ ಬಗೆಯನ್ನು ಬಹುಕಾಲ ಶೋಧಿಸಿದ ಆಸ್ಟ್ರಿಯಾದ ಹೆಲ್ಮುಟ್ ಡೆಂಕ್ ಅವರ ಹೆಸರನ್ನೂ ಕೂಡಿಸಿ, 2007ರಿಂದ ಈ ಗಂಟುಗಳನ್ನು ಮ್ಯಾಲರಿ-ಡೆಂಕ್ ಕಾಯಗಳೆಂದು ಕರೆಯುತ್ತಾರೆ. ಇವು ಕೋಶವನ್ನು ಕೊಲ್ಲುತ್ತವೆಯೋ, ಅಥವಾ ಕೆಟ್ಟ ಪ್ರೋಟೀನನ್ನು ಒಂದೆಡೆ ಸೆರೆಯಿಟ್ಟು ಕೋಶವನ್ನು ಕಾಯುತ್ತವೆಯೋ ಎಂಬ ಚರ್ಚೆ ವಿದ್ವಾಂಸರಲ್ಲಿ ಮುಗಿದಿಲ್ಲ. ಗಂಟನ್ನು ಅಪರಾಧಿಯೆನ್ನುವುದಕ್ಕಿಂತ ಸಾಕ್ಷಿಯೆನ್ನುವುದು ಮೇಲು. ಕೋಶಕ್ಕೆ ಪೆಟ್ಟು ಬಿದ್ದಿದೆಯೆಂದು ಅದು ಹೇಳುತ್ತದೆ; ಹೊಡೆದವರು ಯಾರೆಂದು ಹೇಳುವುದಿಲ್ಲ.

ಹೊಡೆದವರನ್ನು ಪತ್ತೆಮಾಡುವ ಕೆಲಸದ ಒಂದು ದೊಡ್ಡ ಭಾಗ ನಡೆದದ್ದು ಪುಣೆಯಲ್ಲಿ. ಯಾದಗಿರಿಯ ನಿಲ್ದಾಣದಿಂದ ವಾಡಿ, ಕಲಬುರ್ಗಿ, ಸೊಲ್ಲಾಪುರಗಳ ಮೇಲೆ ಹೋಗುವ ಹಳಿ ಕೊನೆಗೆ ಆ ಊರನ್ನು ಮುಟ್ಟುತ್ತದೆ. ಸಗರನಾಡಿನ ಜನ ಮಗುವನ್ನು ಹೊತ್ತು ರಾಯಚೂರಿಗೋ ಕಲಬುರ್ಗಿಗೋ ಹೋಗಿ, ಅಲ್ಲಿ ಆಗದಿದ್ದರೆ ಸೊಲ್ಲಾಪುರದ ದಾರಿ ಹಿಡಿಯುತ್ತಿದ್ದ ಕಾಲವದು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಮಕ್ಕಳ ವೈದ್ಯರಾದ ಆನಂದ ಪಂಡಿತ, ಶೀಲಾ ಭಾವೆ ಇವರು ಬ್ರಿಟನ್ನಿನ ಸ್ಟುವರ್ಟ್ ಟ್ಯಾನರ್ ಅವರೊಂದಿಗೆ ಸೇರಿ ಈ ರೋಗದ ಬೆನ್ನು ಹತ್ತಿದರು. 1979ರಲ್ಲಿ ಇಂಗ್ಲೆಂಡಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಬರಹದಲ್ಲಿ, ಈ ಕೂಸುಗಳ ಯಕೃತ್ತಿನಲ್ಲಿ ತಾಮ್ರ ಮಿತಿಮೀರಿ ಸೇರಿದೆಯೆಂದು ತೋರಿಸಿದರು. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಹ್ಯಾನ್ಸ್ ಪಾಪರ್ ಮೊದಲಾದವರು, ಭಾರತದ ಎನ್. ಸಿ. ನಾಯಕ್ ಅವರೂ ಸೇರಿ, ಕೋಶದೊಳಗಿನ ಈ ತಾಮ್ರದ ವಿಷಕ್ರಿಯೆಯನ್ನು ಕುರಿತು ಬರೆದರು. ಆರೋಗ್ಯವಂತನ ಯಕೃತ್ತಿನ ಒಣತೂಕದ ಒಂದು ಗ್ರಾಮಿನಲ್ಲಿ ಸಾಮಾನ್ಯವಾಗಿ 50 ಮೈಕ್ರೋಗ್ರಾಮಿನಷ್ಟನ್ನು ಮೀರದ ತಾಮ್ರ, ಈ ಮಕ್ಕಳಲ್ಲಿ 800ನ್ನು ದಾಟುವುದು ಅಪರೂಪವಾಗಿರಲಿಲ್ಲ. ಆರ್ಸೀನ್ ಎಂಬ ಬಣ್ಣ ಹಾಕಿದರೆ ತಾಮ್ರ ಹಿಡಿದ ಪ್ರೋಟೀನು ಕಂದುಹರಳುಗಳಾಗಿ ಮಿನುಗುತ್ತಿತ್ತು.

ಅಷ್ಟು ತಾಮ್ರ ಎಲ್ಲಿಂದ? ಇದಕ್ಕೆ ಉತ್ತರ ಸೂಕ್ಷ್ಮದರ್ಶಕದಲ್ಲಿರಲಿಲ್ಲ, ಅಡಿಗೆಮನೆಯಲ್ಲಿತ್ತು. ಮಗುವಿಗೆ ಮೇಲುಹಾಲು ಯಾವ ತಿಂಗಳಲ್ಲಿ ಮೊದಲಾಯಿತು, ಯಾವ ಪಾತ್ರೆಯಲ್ಲಿ ಕಾಸಿದಿರಿ, ಎಷ್ಟು ಹೊತ್ತು ಇಟ್ಟಿದ್ದಿರಿ ಎಂಬಂಥ ಪ್ರಶ್ನೆಗಳನ್ನು ತಾಯಂದಿರಿಗೆ ಹಾಕಬೇಕಾಯಿತು. ತಾಯಿಯನ್ನು ದೂರುವುದನ್ನು ಬಿಟ್ಟು ತಾಯಿಯನ್ನು ಕೇಳುವುದಕ್ಕೆ ಹೀಗೆ ಮೊದಲಾಯಿತು. 1983ರ ಬರಹ ತಾಮ್ರ ಬೆರೆತ ದನದ ಹಾಲನ್ನು ಬೇಗನೆ ಕುಡಿಸತೊಡಗುವುದು ಕಾರಣವಿರಬಹುದೆಂದಿತು. 1987ರಲ್ಲಿ, ರೋಗ ಬಂದ ಮಕ್ಕಳ ಮತ್ತು ಬಾರದ ಮಕ್ಕಳ ಆಹಾರವನ್ನು ಜೊತೆಯಿಟ್ಟು ನೋಡಿದಾಗ ಆ ಶಂಕೆ ಬಲವಾಯಿತು. ಸೌಮ್ಯವೆಂದು ನಂಬಿದ್ದ ಹಾಲಿನ ಗುಣವೂ ಬಯಲಾಯಿತು. ಹಾಲಿನ ಕೇಸೀನ್ ಎಂಬ ಪ್ರೋಟೀನು ಹಿತ್ತಾಳೆಯ ಮೈಯಿಂದ ತಾಮ್ರವನ್ನು ಸೆಳೆದು ತನಗೆ ಅಂಟಿಸಿಕೊಳ್ಳುತ್ತದೆ. ಕಾಸಿದಷ್ಟೂ, ಇಟ್ಟಷ್ಟೂ ಅದು ಏರುತ್ತದೆ. ಬಣ್ಣ ಬದಲಾಗದು, ರುಚಿ ಕೆಡದು, ಕಿಲುಬು ಕಾಣದು. ದೇಹ ಹೆಚ್ಚಿನ ತಾಮ್ರವನ್ನು ಪಿತ್ತದ ದಾರಿಯಿಂದ ಹೊರಹಾಕಬೇಕು; ಎಳೆಗೂಸಿನಲ್ಲಿ ಆ ದಾರಿ ಇನ್ನೂ ಬಲಿತಿರುವುದಿಲ್ಲ. ಎದೆಹಾಲನ್ನು ಮಾತ್ರ ಕುಡಿದ ಕೂಸುಗಳಲ್ಲಿ ಈ ರೋಗ ಬಲು ವಿರಳವಾಗಿತ್ತು. ಕೆಟ್ಟದ್ದೆಂದು ಬಿಡಿಸಿದ ಹಾಲೇ ಕಾಯುವ ಹಾಲಾಗಿತ್ತು.

ಇದು ಭಾರತದ ಜಾತಕವೆಂದು ಕೈಚೆಲ್ಲಿದವರಿಗೆ ಯೂರೋಪಿನಿಂದಲೇ ಉತ್ತರ ಬಂದಿತು. ಆಸ್ಟ್ರಿಯಾದ ತಿರೋಲ್ ಎಂಬ ಬೆಟ್ಟಸೀಮೆಯಲ್ಲಿ 1900ರಿಂದ 1974ರವರೆಗೆ 138 ಶಿಶುಗಳು ಇಂಥದೇ ರೋಗದಿಂದ ತೀರಿಹೋಗಿದ್ದವೆಂದು 1996ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಕಲಾಯಿಯಿಲ್ಲದ ತಾಮ್ರದ ಪಾತ್ರೆಯಲ್ಲಿ ಹಾಲು, ಹಿಟ್ಟು, ಸಕ್ಕರೆ ಕೂಡಿಸಿ ಕುದಿಸಿ ಕುಡಿಸುತ್ತಿದ್ದರು. ಪಾತ್ರೆ ಬದಲಾದ ಮೇಲೆ ರೋಗ ಕಾಣೆಯಾಯಿತು. ಹಿತ್ತಾಳೆಯ ಹಾಲು ಕುಡಿದ ಕೂಸುಗಳೆಲ್ಲ ರೋಗಕ್ಕೆ ಬೀಳಲಿಲ್ಲವೆಂಬುದೂ ನಿಜ. ಮನೆತನದಲ್ಲಿ ಹರಿದುಬಂದ ಯಾವುದೋ ಮೈಗುಣ ತಾಮ್ರದೊಡನೆ ಕೂಡಿಕೊಂಡಿರಬೇಕೆಂದು ತಿಳಿದವರು ಹೇಳುತ್ತಾರೆ. ತಾಮ್ರವೊಂದೇ ಎಲ್ಲವನ್ನೂ ವಿವರಿಸುವುದಿಲ್ಲವೆಂದು ವಾದಿಸಿದವರೂ ಉಂಟು. ಆದರೆ ಪಾತ್ರೆ ಹೋದಲ್ಲಿ ರೋಗವೂ ಹೋಯಿತೆಂಬುದನ್ನು ಆ ವಾದ ಅಲುಗಿಸಲಾರದು.

ಪೆನಿಸಿಲಮೀನ್ ಎಂಬ ಔಷಧ ತಾಮ್ರವನ್ನು ಹಿಡಿದು ಮೂತ್ರದ ದಾರಿಯಿಂದ ಹೊರಗೆ ಕಳಿಸುತ್ತದೆ. ರೋಗ ಬಲಿಯುವ ಮೊದಲೇ ಅದನ್ನು ಕೊಟ್ಟ ಮಕ್ಕಳಲ್ಲಿ ಅನೇಕರು ಬದುಕಿದರೆಂದು ಪುಣೆಯ ಅದೇ ತಂಡ 1987ರಲ್ಲಿ ವರದಿ ಮಾಡಿತು. ಆದರೆ ರೋಗವನ್ನು ನಾಡಿನಿಂದ ಓಡಿಸಿದ ಬಹುಪಾಲು ಕೀರ್ತಿ ಔಷಧಕ್ಕೆ ಸಲ್ಲುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿಗೆ ಸಲ್ಲುತ್ತದೆ. ಹೊಳೆಯುತ್ತದೆ, ಹುಣಸೆಹಣ್ಣು ಹಾಕಿ ತಿಕ್ಕಬೇಕಾಗಿಲ್ಲ, ಕಲಾಯಿಯ ಖರ್ಚಿಲ್ಲ ಎಂದು ಹೆಂಗಸರು ಹಳೆಯ ಹಿತ್ತಾಳೆಯನ್ನು ತೂಕಕ್ಕೆ ಹಾಕಿ ಸ್ಟೀಲು ತಂದರು. ಲ್ಯಾನ್ಸೆಟ್ಟನ್ನು ಓದಿ ತಂದವರು ಯಾರೂ ಇರಲಿಲ್ಲ. 1990ರ ದಶಕದಲ್ಲಿ ಪುಣೆಯಂಥ ಕಡೆಗಳಲ್ಲಿಯೇ ಈ ರೋಗ ವಿರಳವಾಯಿತು. ಇಂದಿನ ಎಳೆಯ ವೈದ್ಯರಲ್ಲಿ ಅನೇಕರು ಇದನ್ನು ಪುಸ್ತಕದಲ್ಲಿ ಮಾತ್ರ ಬಲ್ಲರು. ಸ್ಟೀಲು ಬಂದದ್ದರಿಂದ ಕಲಾಯಿಗಾರನ ತಿದಿ ತಣ್ಣಗಾದದ್ದು ಬೇರೆ ಕಥೆ. ಅವನ ಕಸುಬು ಹೋದುದಕ್ಕೆ ಮರುಗುವವರು, ಅವನು ಕಾಪಾಡಿದ ಮಕ್ಕಳೂ ಇದ್ದಿರಬೇಕೆಂಬುದನ್ನು ಕೂಡ ಲೆಕ್ಕಕ್ಕೆ ಹಿಡಿಯಬೇಕು. ಈಗ ತಾಮ್ರ ಹಿತ್ತಾಳೆಗಳು ಪೇಟೆಯ ಅಂಗಡಿಗಳಲ್ಲಿ ಹೊಸ ಬೆಲೆಯೊಂದಿಗೆ ಮರಳಿ ಬರುತ್ತಿವೆ. ಶುದ್ಧ ನೀರಿನ ಮಾತು ಬೇರೆ. ಹಾಲಿಗೂ ಹುಳಿಗೂ ಕಲಾಯಿಯಿಲ್ಲದ ಪಾತ್ರೆ ಸಲ್ಲದು. ಹಾಗಿದ್ದೂ ಮಾರುವವನು ಅದನ್ನು ಹೇಳುವುದಿಲ್ಲ, ಕೊಳ್ಳುವವನು ಕೇಳುವುದಿಲ್ಲ.

ಕೂಸುಗಳ ರೋಗ ಹೋಯಿತು, ಗಂಟು ಹೋಗಲಿಲ್ಲ. ಕುಡಿತದಿಂದ ಉರಿಯೂತಗೊಂಡ ಯಕೃತ್ತಿನಲ್ಲಿ ಮ್ಯಾಲರಿ ಕಂಡ ಗಂಟು ಇಂದಿಗೂ ಕಾಣುತ್ತದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷಿದ್ಧವಾಯಿತು, ಕುಡಿತ ನಿಷಿದ್ಧವಾಗಲಿಲ್ಲ. ಪಾಕೀಟು ಹೋಗಿ ಬಾಟಲಿ ಬಂದಿತು. ಕುಡಿಯದವರಲ್ಲಿಯೂ, ಬೊಜ್ಜು ಮತ್ತು ಸಕ್ಕರೆ ಕಾಯಿಲೆಗಳ ಬೆನ್ನು ಹಿಡಿದು ಯಕೃತ್ತಿನಲ್ಲಿ ಕೊಬ್ಬು ಸೇರಿ ಉರಿಯೂತವಾದಾಗ, ಉಬ್ಬಿದ ಕೋಶಗಳೊಳಗೆ ಅದೇ ಕೆರಾಟಿನ್ನಿನ ಸಿಕ್ಕು ಕಾಣಿಸಿಕೊಳ್ಳುತ್ತದೆ. ಹುಟ್ಟಿನಿಂದಲೇ ತಾಮ್ರ ಹೊರಹಾಕಲಾರದ ವಿಲ್ಸನ್ ಎಂಬ ಕಾಯಿಲೆಯಲ್ಲಿಯೂ, ಯಕೃತ್ತಿನ ಕೆಲವು ಅರ್ಬುದಗಳಲ್ಲಿಯೂ ಅದುಂಟು. ಬಿ ಜಾತಿಯ ವಿಷಾಣು ಕಾಮಾಲೆಯಲ್ಲಿ ಕಾಣುವುದು ಬೇರೊಂದು ಬಗೆ. ಅಲ್ಲಿ ಕೋಶದೊಳಗೆ ತುಂಬಿಕೊಳ್ಳುವುದು ವಿಷಾಣುವಿನದೇ ಹೊರಕವಚದ ಪ್ರೋಟೀನು. ಕೋಶ ಉಜ್ಜಿದ ಗಾಜಿನಂತೆ ಮಸುಕಾಗಿ ತೋರುತ್ತದೆ. ಮುಂಚೆ ತಾಮ್ರದ ಕಂದುಹರಳನ್ನು ತೋರಿಸಿಕೊಟ್ಟ ಆರ್ಸೀನೇ ಇದನ್ನೂ ತೋರಿಸುತ್ತದೆ. ಯಾದಗಿರಿ 2009ರ ಕೊನೆಯಲ್ಲಿ ಜಿಲ್ಲೆಯಾಗಿ, ಈಗ ಅಲ್ಲಿಯೇ ಸರಕಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ನಡೆಯುತ್ತಿದೆ. ಯಕೃತ್ತಿನ ಎಳೆಯನ್ನು ನೋಡುವ ವಿದ್ಯೆ ಮನೆಯ ಬಾಗಿಲಿಗೆ ಬಂದಿದೆ.

ಈ ಗಂಟಿನ ವಿಷಯದಲ್ಲಿ ಸಮಾಧಾನ ಕೊಡುವ ಒಂದು ಸಂಗತಿಯೂ, ಎಚ್ಚರ ಹುಟ್ಟಿಸುವ ಒಂದು ಸಂಗತಿಯೂ ಇಲಿಗಳಿಂದ ತಿಳಿದುಬಂದಿವೆ. ಗಜಕರ್ಣಕ್ಕೆ ಕೊಡುವ ಗ್ರಿಸಿಯೋಫುಲ್ವಿನ್ ಎಂಬ ಮದ್ದನ್ನು ಇಲಿಗಳಿಗೆ ಬಹಳ ದಿನ ಹೆಚ್ಚಾಗಿ ತಿನ್ನಿಸಿದರೆ ಅವುಗಳ ಯಕೃತ್ತಿನಲ್ಲಿ ಇಂಥದೇ ಗಂಟುಗಳು ಮೂಡುತ್ತವೆಂದು ಡೆಂಕ್ ಮತ್ತು ಅವರ ಜೊತೆಯವರು 1975ರಲ್ಲಿ ಕಂಡುಕೊಂಡರು. ಗಂಟು ಕಟ್ಟಲು ತಿಂಗಳುಗಳು ಹಿಡಿಯುತ್ತವೆ. ಮದ್ದು ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಅವು ಕರಗಿ, ಯಕೃತ್ತು ಕಣ್ಣಿಗೆ ಮೊದಲಿನಂತೆಯೇ ಆಗುತ್ತದೆ. ಆದರೆ ಅಂಥ ಇಲಿಗೆ ಮತ್ತೆ ಮದ್ದು ಕೊಟ್ಟರೆ ಎರಡನೆಯ ಬಾರಿಗೆ ತಿಂಗಳುಗಳು ಬೇಕಾಗುವುದಿಲ್ಲ. ಕೆಲವೇ ದಿನಗಳಲ್ಲಿ ಗಂಟುಗಳು ತಿರುಗಿ ಕಟ್ಟುತ್ತವೆ. ಯಕೃತ್ತು ಹಳೆಯ ಪೆಟ್ಟನ್ನು ಮರೆತಿರುವುದಿಲ್ಲ. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಹಾಗೆಯೇ ನಡೆಯುತ್ತದೆಂದು ಹೇಳಲು ಬಾರದು. ಆದರೂ ಶ್ರಾವಣ ಮಾಸದಲ್ಲಿ ಕುಡಿತ ಬಿಟ್ಟು, ಕಣ್ಣು ತಿಳಿಯಾಗಿ, ಊಟ ರುಚಿಸಿ, ಹೊಟ್ಟೆ ಇಳಿದದ್ದನ್ನು ಕಂಡು ಹಿಗ್ಗುವ ಮನೆಗಳು ಸಗರನಾಡಿನಲ್ಲಿ ಕಡಮೆಯಿಲ್ಲ. ಶ್ರಾವಣ ಮುಗಿದ ಮರುದಿನ ಸಂಜೆ ಆ ಗಂಡಸು ಚಪ್ಪಲಿ ಮೆಟ್ಟಿ ಹೊರಟಾಗ, ಒಂದು ತಿಂಗಳು ಬಿಟ್ಟಿದ್ದೇನಲ್ಲ, ಲೆಕ್ಕ ಹೊಸದಾಗಿ ಮೊದಲಾಗುತ್ತದೆ ಎಂದುಕೊಂಡೇ ಹೊರಡುತ್ತಾನೆ.